‘ನನಗೂ ಹಾಗೇ ಆಗಿತ್ತು’: ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇನ್ನೊಬ್ಬ ಹೆಂಗಸಿನ ಮಾತಿಗೆ ಎಷ್ಟು ಬೆಲೆ?

2024ರ ನವೆಂಬರ್‌ನಲ್ಲಿ ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ಅಮೃತಸರದಲ್ಲಿ ಪತ್ರಿಕಾಗೋಷ್ಠಿ ಕರೆದರು. ಹೆಂಡತಿಯ ನಾಲ್ಕನೇ ಹಂತದ, ಅಂದರೆ ದೇಹದ ಬೇರೆ ಕಡೆಗೂ ಹರಡಿದ, ಸ್ತನ ಕ್ಯಾನ್ಸರ್ ವಾಸಿಯಾಗಿದೆ, ಅದರಲ್ಲಿ ಬೇವು, ಅರಿಶಿನ, ನಿಂಬೆನೀರು, ಸಕ್ಕರೆ ಬಿಟ್ಟ ಊಟದ ಪಾಲು ದೊಡ್ಡದು ಎಂದರು. ಆ ಮಾತು ದೇಶವೆಲ್ಲ ಹರಿದಾಡಿತು. ಕೆಲವೇ ದಿನಗಳಲ್ಲಿ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಿಂದ ಒಂದು ಹೇಳಿಕೆ ಬಂತು. ಅಲ್ಲಿ ಈಗಿರುವ ಮತ್ತು ಹಿಂದೆ ಇದ್ದ 262 ಕ್ಯಾನ್ಸರ್ ತಜ್ಞರು ಅದಕ್ಕೆ ಸಹಿ ಹಾಕಿದ್ದರು. ಈ ಆಹಾರದಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ, ಇದನ್ನು ನಂಬಿ ಚಿಕಿತ್ಸೆ ತಡಮಾಡಬೇಡಿ ಎಂದು ಅವರು ಕೇಳಿಕೊಂಡಿದ್ದರು. ಆಹಾರಕ್ರಮ ಚಿಕಿತ್ಸೆಯ ಜೊತೆಗೆ ನಡೆದದ್ದು, ಡಾಕ್ಟರ್ ಜೊತೆ ಮಾತಾಡಿಯೇ ಮಾಡಿದ್ದು ಎಂದು ಸಿಧು ಆಮೇಲೆ ತಿಳಿಸಿದರು. ಅವರ ಪತ್ನಿಗೆ ಆಪರೇಷನ್ನೂ ಆಗಿತ್ತು, ಕೀಮೋನೂ ಆಗಿತ್ತು.

ಎರಡು ತಿಂಗಳ ನಂತರ ಇನ್ನೊಂದು ಸುದ್ದಿ. 2025ರ ಫೆಬ್ರವರಿಯ ಕೇಂದ್ರ ಬಜೆಟ್ಟಿನಲ್ಲಿ, ಮೂರು ವರ್ಷದೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಕ್ಯಾನ್ಸರ್ ಡೇ ಕೇರ್ ಕೇಂದ್ರ (ಬೆಳಿಗ್ಗೆ ಬಂದು ಚಿಕಿತ್ಸೆ ಪಡೆದು ಸಂಜೆ ಮನೆಗೆ ಹೋಗುವ ಜಾಗ) ಬರುತ್ತದೆ, ಮೊದಲ ವರ್ಷವೇ 200 ಆಗುತ್ತವೆ ಎಂಬ ಘೋಷಣೆ ಬಂತು. ಅದೇ ವರ್ಷ ಕರ್ನಾಟಕ ಸರ್ಕಾರ 16 ಜಿಲ್ಲೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರಗಳನ್ನು ಶುರು ಮಾಡಿತು.

ಎರಡಕ್ಕೂ ಏನು ಸಂಬಂಧ ಅನ್ನಿಸಬಹುದು. ಆದರೆ ಎರಡೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ. ಕಾಯಿಲೆ ದಾಟಿ ಬಂದವರ ಮಾತನ್ನು ಈಗ ಕಾಯಿಲೆಯಲ್ಲಿ ಇರುವವರು ಕೇಳಬೇಕೋ ಬೇಡವೋ? ಸಿಧು ಹೇಳಿದ್ದು ಅಂಥ ಮಾತು. ಕೀಮೋ ಜಿಲ್ಲೆಗೆ ಬಂದರೆ, ದೊಡ್ಡ ಆಸ್ಪತ್ರೆಯಲ್ಲಿ ತಾನಾಗಿ ಕಿವಿಗೆ ಬೀಳುತ್ತಿದ್ದ ಅಂಥ ಮಾತು ಸಿಗುವುದು ಕಡಿಮೆಯಾಗುತ್ತದೆ. ಒಂದು ಕಡೆ ಡಾಕ್ಟರುಗಳು ‘ಅವರಿವರು ಹೇಳಿದ್ದನ್ನು ನಂಬಬೇಡಿ’ ಎನ್ನುತ್ತಾರೆ. ಇನ್ನೊಂದು ಕಡೆ ಅದೇ ಆಸ್ಪತ್ರೆಗಳು ‘ಚಿಕಿತ್ಸೆ ಮುಗಿಸಿದವರ ಜೊತೆ ಮಾತಾಡಿ, ಧೈರ್ಯ ಬರುತ್ತೆ’ ಎನ್ನುತ್ತವೆ. ಮನೆಯವರಿಗೆ ಗೊಂದಲ ಆಗೋದು ಸಹಜ ಅಲ್ವಾ?

ಡಿಸ್ಚಾರ್ಜ್ ಚೀಟಿಯಲ್ಲಿ ಇಲ್ಲದ್ದು

ಮೊದಲು ಆ ಮಾತು ಯಾಕೆ ಬೇಕಾಗುತ್ತೆ ಅಂತ ನೋಡೋಣ.

ಸ್ತನದ ಆಪರೇಷನ್ ಆದ ಹೆಂಗಸು ಮನೆಗೆ ಹೊರಟಾಗ ಅನೇಕ ಸಲ ಅವಳ ಜೊತೆ ಒಂದೋ ಎರಡೋ ಪ್ಲಾಸ್ಟಿಕ್ ಡಬ್ಬಿಯೂ ಹೊರಡುತ್ತದೆ. ಪಕ್ಕೆಯಿಂದ ಸಣ್ಣ ಪೈಪ್ ಹೊರಗೆ ಬಂದಿರುತ್ತದೆ. ಗಾಯದಲ್ಲಿ ಸೇರುವ ನೀರು ಆ ಡಬ್ಬಿಗೆ ಇಳಿಯುತ್ತದೆ. ದಿನಾ ಎಷ್ಟು ಎಂಎಲ್ ಬಂತು ಅಂತ ಬರೆದಿಡಬೇಕು. ದಿನಕ್ಕೆ ಸುಮಾರು 30 ಎಂಎಲ್‌ಗಿಂತ ಕಡಿಮೆ ಆದ ಮೇಲೆ ಸಾಮಾನ್ಯವಾಗಿ ಪೈಪ್ ತೆಗೆಯುತ್ತಾರೆ. ಇಷ್ಟನ್ನು ನರ್ಸ್ ಹೇಳಿ ಕಳಿಸುತ್ತಾರೆ.

ಆದರೆ ಆ ಡಬ್ಬಿ ಹಿಡಿದುಕೊಂಡು ಬಸ್ಸು ಹತ್ತೋದು ಹೇಗೆ? ರಾತ್ರಿ ಮಗ್ಗುಲು ಬದಲಿಸೋದು ಹೇಗೆ? ಯಾರಾದರೂ ನೋಡಲು ಬಂದರೆ ಅದನ್ನು ಎಲ್ಲಿ ಬಚ್ಚಿಡೋದು? ಇದಕ್ಕೆಲ್ಲ ಉತ್ತರ ಇರುವುದು ಹೋದ ವರ್ಷ ಅದೇ ಡಬ್ಬಿ ಹೊತ್ತು ಓಡಾಡಿದ ಹೆಂಗಸಿನ ಹತ್ತಿರ. ಹಳೇ ಬಟ್ಟೆಯಲ್ಲಿ ಉದ್ದ ಪಟ್ಟಿಯ ಚೀಲ ಹೊಲಿದುಕೋ, ಹೆಗಲಿಗೆ ಅಡ್ಡ ಹಾಕಿಕೋ, ಮೇಲೆ ಸೆರಗು ಹೊದ್ದರೆ ಯಾರಿಗೂ ಕಾಣಲ್ಲ. ಬ್ಲೌಸಿನ ಹುಕ್ಕು ಮುಂದೆ ಇರಲಿ, ತೋಳು ಸಡಿಲ ಇರಲಿ, ಕೈ ಸದ್ಯಕ್ಕೆ ಹಿಂದಕ್ಕೆ ಹೋಗಲ್ಲ. ಮಲಗುವಾಗ ಆ ಕಡೆ ಕೈ ಕೆಳಗೆ ಒಂದು ಸಣ್ಣ ದಿಂಬು ಇಟ್ಟುಕೋ.

ಕೈ ಮತ್ತೆ ಮೇಲೆ ಏಳಬೇಕಾದರೆ ವ್ಯಾಯಾಮ ಬೇಕು. ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಗೋಡೆಯ ಮೇಲೆ ಇರುವೆಯ ಹಾಗೆ ನಿಧಾನ ಹತ್ತಿಸುವುದು. ಫಿಸಿಯೋಥೆರಪಿಸ್ಟ್ ಒಂದು ಸಲ ತೋರಿಸಿಕೊಡುತ್ತಾರೆ. ನೋವು ಅಂತ ಮೂರನೇ ದಿನಕ್ಕೇ ಬಿಡುವವರು ಎಷ್ಟೋ ಜನ. ‘ಗೋಡೆ ಮೇಲೆ ಪೆನ್ಸಿಲಲ್ಲಿ ಗೆರೆ ಹಾಕು, ದಿನಾ ಒಂದು ಬೆರಳಗಲ ಮೇಲೆ ಹೋದರೂ ಸಾಕು’ ಎಂದು ಹೇಳಿ, ತನ್ನ ಕೈಯನ್ನು ನೆಟ್ಟಗೆ ಎತ್ತಿ ತೋರಿಸುವವಳು ಎದುರಿಗೆ ಇದ್ದರೆ ವ್ಯಾಯಾಮ ನಿಲ್ಲುವುದಿಲ್ಲ.

ಆಮೇಲೆ ಕೀಮೋ. ಡಾಕ್ಸೊರೂಬಿಸಿನ್ ಎಂಬ ಔಷಧಿಯ ಬಣ್ಣವೇ ಕೆಂಪು. ಅದು ಹತ್ತಿದ ಮೇಲೆ ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ. ಗೊತ್ತಿಲ್ಲದವರು ರಕ್ತ ಹೋಗ್ತಿದೆ ಅಂತ ಗಾಬರಿ ಬೀಳುತ್ತಾರೆ. ಗಂಡನಿಗೂ ಹೇಳಲಾರದೆ ಒಳಗೇ ನವೆಯುತ್ತಾರೆ. ‘ನನಗೂ ಹಾಗೇ ಆಗಿತ್ತು ಕಣಮ್ಮಾ, ಔಷಧಿ ಬಣ್ಣ ಅದು’ ಎಂಬ ಒಂದು ಮಾತು ಆ ರಾತ್ರಿಯನ್ನು ಉಳಿಸುತ್ತದೆ. ಕೂದಲು ಎರಡು ಮೂರು ವಾರಕ್ಕೆ ಉದುರಲು ಶುರುವಾಗುತ್ತೆ, ಅದಕ್ಕೂ ಮುಂಚೆ ಗಿಡ್ಡ ಮಾಡಿಸಿಕೊಂಡರೆ ದಿಂಬಿನ ಮೇಲೆ ಕಟ್ಟುಕಟ್ಟು ಕೂದಲು ನೋಡುವ ಸಂಕಟ ಕಡಿಮೆ ಎಂದೂ ಅವಳೇ ಹೇಳುತ್ತಾಳೆ.

ಒಂದು ಸ್ತನ ತೆಗೆದ ಮೇಲೆ ಬ್ಲೌಸಿನ ಒಳಗೆ ಹತ್ತಿ ತುಂಬಿದ ಬಟ್ಟೆ ಇಟ್ಟುಕೊಳ್ಳುವವರಿದ್ದಾರೆ. ಅದು ಹಗುರ, ಹಾಗಾಗಿ ಮೇಲಕ್ಕೆ ಸರಿಯುತ್ತದೆ. ಹೆಂಗಸು ದಿನವಿಡೀ ಸೆರಗು ಸರಿಮಾಡುತ್ತಲೇ ಇರುತ್ತಾಳೆ. ಒಳಗೆ ಸ್ವಲ್ಪ ಭಾರ ಸೇರಿಸಿದರೆ ನಿಲ್ಲುತ್ತೆ ಅಂತ ಗೊತ್ತಿರುವುದು ಅನುಭವಸ್ಥರಿಗೆ. ಸಿಲಿಕೋನ್‌ದು ನಮ್ಮ ಸೆಕೆಗೆ ಬೆವರು ಬರಿಸುತ್ತದೆ, ಬೆಲೆಯೂ ಜಾಸ್ತಿ. ಹತ್ತಿ ದಾರದಲ್ಲಿ ಹೆಣೆದ ಕೃತಕ ಸ್ತನಗಳನ್ನು ಉಚಿತವಾಗಿ ಕೊಡುವ ನಿಟೆಡ್ ನಾಕರ್ಸ್ ಎಂಬ ಸ್ವಯಂಸೇವಕಿಯರ ಬಳಗ ಅಮೆರಿಕದಲ್ಲಿ ಶುರುವಾಗಿ ಭಾರತಕ್ಕೂ ಬಂದಿದೆ. ಇಂಥ ಸುದ್ದಿ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗುವುದೇ ಜಾಸ್ತಿ.

ಇದನ್ನು ಶುರು ಮಾಡಿದವಳು

ಇಂಗ್ಲಿಷ್ ಕಲಿತವರು ಇದನ್ನು ಪೀರ್ ಸಪೋರ್ಟ್ ಅನ್ನುತ್ತಾರೆ. ಅದೇ ಚಿಕಿತ್ಸೆ ಪಡೆದ ಇನ್ನೊಬ್ಬ ಹೆಂಗಸಿನ ಆಸರೆ ಎಂದರ್ಥ. ಇಲ್ಲಿ ಅವಳನ್ನು ಜೊತೆಗಾತಿ ಅನ್ನೋಣ.

1952ರಲ್ಲಿ ನ್ಯೂಯಾರ್ಕ್‌ನ ಟೆರೀಸ್ ಲ್ಯಾಸರ್ ಎಂಬಾಕೆಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಯಿತು. ಆ ಕಾಲದ ಆಪರೇಷನ್ ಅಂದರೆ ಸ್ತನದ ಜೊತೆ ಎದೆಯ ಸ್ನಾಯುವನ್ನೂ ತೆಗೆಯುವುದು. ಮುಂದೇನು ಅಂತ ಹೇಳುವವರು ಯಾರೂ ಇರಲಿಲ್ಲ. ಲ್ಯಾಸರ್ ತಾನೇ ಬೇರೆ ಹೆಂಗಸರ ವಾರ್ಡಿಗೆ ಹೋಗಲು ಶುರು ಮಾಡಿದರು. ಕೈಯಲ್ಲಿ ಒಂದು ಸಣ್ಣ ಕಿಟ್. ಅದರಲ್ಲಿ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಕೃತಕ ಸ್ತನ, ಕೈಯ ವ್ಯಾಯಾಮಕ್ಕೆ ಒಂದು ಚೆಂಡು ಮತ್ತು ಹಗ್ಗ, ಗಂಡನಿಗೆ ಕೊಡಲು ಒಂದು ಪತ್ರ. ‘ರೀಚ್ ಟು ರಿಕವರಿ’ ಅಂತ ಅದಕ್ಕೆ ಹೆಸರಾಯಿತು.

ಸರ್ಜನ್‌ಗಳಿಗೆ ಇದು ಇಷ್ಟವಾಗಲಿಲ್ಲ. ತಮ್ಮ ಅನುಮತಿ ಇಲ್ಲದೆ ರೋಗಿಯ ಹತ್ತಿರ ಬರುವ ಈಕೆ ಯಾರು ಎಂದು ಕೆಲವರು ಬಾಗಿಲು ಮುಚ್ಚಿದರು. ಆದರೆ ಹೆಂಗಸರು ಬಿಡಲಿಲ್ಲ. 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಆ ಕೆಲಸವನ್ನು ತನ್ನದಾಗಿಸಿಕೊಂಡಿತು. ಅದರ ಜೊತೆ ನಿಯಮಗಳೂ ಬಂದವು. ಭೇಟಿಗೆ ಹೋಗುವವಳಿಗೆ ತರಬೇತಿ ಆಗಿರಬೇಕು, ಅವಳು ಚಿಕಿತ್ಸೆಯ ಸಲಹೆ ಕೊಡಬಾರದು. ಇವತ್ತಿಗೂ ಜಗಳ ಇರುವುದು ಇಲ್ಲೇ. ಜೊತೆಗಾತಿಯನ್ನು ಡಾಕ್ಟರುಗಳು ಒಳಗೆ ಬಿಟ್ಟುಕೊಳ್ಳಬೇಕೋ, ಬಿಟ್ಟುಕೊಂಡರೆ ಅವಳು ಎಲ್ಲಿ ನಿಲ್ಲಬೇಕು?

ಆಯುಸ್ಸು ಹೆಚ್ಚುತ್ತಾ?

ಈ ಪ್ರಶ್ನೆಗೆ ಬಂದ ಉತ್ತರ ಒಂದು ಸಲ ಹೌದು, ಇನ್ನೊಂದು ಸಲ ಇಲ್ಲ. ಗೊಂದಲಕ್ಕೆ ಅರ್ಧ ಕಾರಣ ಇದೇ.

1989ರಲ್ಲಿ ಅಮೆರಿಕದ ಮನೋವೈದ್ಯ ಡೇವಿಡ್ ಸ್ಪೀಗೆಲ್ ಒಂದು ಅಧ್ಯಯನ ಪ್ರಕಟಿಸಿದರು. ಕ್ಯಾನ್ಸರ್ ದೇಹದ ಬೇರೆ ಕಡೆಗೂ ಹರಡಿದ್ದ 86 ಹೆಂಗಸರು ಅದರಲ್ಲಿದ್ದರು. ಅವರಲ್ಲಿ ಒಂದು ಭಾಗದವರು ವಾರಕ್ಕೊಮ್ಮೆ ಗುಂಪಾಗಿ ಕೂತು ಮಾತಾಡಿದರು, ಒಂದು ವರ್ಷ. ಗುಂಪಿಗೆ ಬಂದವರು ಸರಾಸರಿ 36.6 ತಿಂಗಳು ಬದುಕಿದರು. ಬಾರದವರು 18.9 ತಿಂಗಳು. ಹೆಚ್ಚೂಕಡಿಮೆ ಎರಡು ಪಟ್ಟು! ಸುದ್ದಿ ಜಗತ್ತೆಲ್ಲ ಹರಡಿತು. ಮನಸ್ಸು ಗಟ್ಟಿ ಇದ್ದರೆ ಕ್ಯಾನ್ಸರ್ ಓಡಿಹೋಗುತ್ತೆ ಎಂಬ ಮಾತಿಗೆ ವಿಜ್ಞಾನದ ಮುದ್ರೆ ಸಿಕ್ಕ ಹಾಗಾಯಿತು.

ಆದರೆ 86 ಜನ ಅಂದರೆ ಸಣ್ಣ ಸಂಖ್ಯೆ. ಆಕಸ್ಮಿಕವಾಗಿಯೂ ಇಂಥ ವ್ಯತ್ಯಾಸ ಬರಬಹುದು. ಹಾಗಾಗಿ ಕೆನಡಾದಲ್ಲಿ 235 ಹೆಂಗಸರ ಜೊತೆ ಮತ್ತೆ ನೋಡಿದರು. 2001ರಲ್ಲಿ ಫಲಿತಾಂಶ ಬಂತು. ಗುಂಪಿನಲ್ಲಿದ್ದವರು 17.9 ತಿಂಗಳು, ಇಲ್ಲದವರು 17.6 ತಿಂಗಳು. ವ್ಯತ್ಯಾಸವೇ ಇಲ್ಲ. ಸ್ಪೀಗೆಲ್ ಅವರೇ ತಮ್ಮ ಅಧ್ಯಯನವನ್ನು ಮತ್ತೆ ಮಾಡಿ 2007ರಲ್ಲಿ ಪ್ರಕಟಿಸಿದರು. ಒಟ್ಟಾರೆ ನೋಡಿದರೆ ಆಯುಸ್ಸು ಹೆಚ್ಚಿರಲಿಲ್ಲ. ಅದನ್ನು ಅವರು ಮುಚ್ಚಿಡದೆ ಹೇಳಿದ್ದು ದೊಡ್ಡದು.

ಹಾಗಾದರೆ ಜೊತೆಗಾತಿ ಸುಮ್ನೆ ಸಮಾಧಾನಕ್ಕೆ ಅಷ್ಟೇನಾ? ಅಲ್ಲ. ಕೆನಡಾದ ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಇತ್ತು. ಗುಂಪಿನಲ್ಲಿದ್ದವರಿಗೆ ಮನಸ್ಸಿನ ಸಂಕಟ ಕಡಿಮೆಯಾಗಿತ್ತು, ನೋವಿನ ಅನುಭವವೂ ಕಡಿಮೆಯಾಗಿತ್ತು. ಮೊದಲೇ ಬಹಳ ಕುಗ್ಗಿದ್ದವರಿಗೆ ಲಾಭ ಜಾಸ್ತಿ. ಬದುಕಿರುವಷ್ಟು ದಿನ ನೋವು ಕಡಿಮೆ ಇರುವುದು ಸಣ್ಣ ವಿಷಯ ಅಲ್ಲ.

ಇನ್ನೊಂದು ಎಳೆಯೂ ಇದೆ. 2006ರಲ್ಲಿ ಅಮೆರಿಕದ ನರ್ಸ್‌ಗಳ ದೊಡ್ಡ ಅಧ್ಯಯನದಿಂದ ಒಂದು ವರದಿ ಬಂತು. ಸ್ತನ ಕ್ಯಾನ್ಸರ್ ಬಂದ 2,835 ಹೆಂಗಸರಲ್ಲಿ, ಹತ್ತಿರದವರು ಯಾರೂ ಇಲ್ಲದೆ ಒಂಟಿಯಾಗಿದ್ದವರು ಸ್ತನ ಕ್ಯಾನ್ಸರಿನಿಂದ ಸಾಯುವ ಸಾಧ್ಯತೆ ಸುಮಾರು ಎರಡು ಪಟ್ಟು ಇತ್ತು. ಇದು ಮೊದಲಿನದಕ್ಕೆ ವಿರುದ್ಧ ಅಲ್ಲ. ಗುಂಪಲ್ಲಿ ಕೂತು ಮಾತಾಡಿದರೆ ಗಡ್ಡೆ ಕರಗುವುದಿಲ್ಲ. ಆದರೆ ಪಕ್ಕದಲ್ಲಿ ಜನ ಇದ್ದರೆ ಯಾರೋ ಒಬ್ಬರು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ, ಮಾತ್ರೆ ನೆನಪಿಸುತ್ತಾರೆ, ಜ್ವರ ಬಂದಾಗ ಓಡುತ್ತಾರೆ. ಅಂದರೆ ಜೀವ ಉಳಿಸುವುದು ಚಿಕಿತ್ಸೆ. ಚಿಕಿತ್ಸೆಯವರೆಗೆ ತಲುಪಿಸುವುದು, ಮುಗಿಯುವವರೆಗೆ ಕೈಬಿಡದೆ ಇರುವುದು ಜನ.

ಅರ್ಧಕ್ಕೇ ನಿಲ್ಲುವ ಚಿಕಿತ್ಸೆ

ನಮ್ಮ ದೇಶಕ್ಕೆ ಈ ಮಾತು ಜಾಸ್ತಿ ಅನ್ವಯಿಸುತ್ತೆ. 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂತು, ಸುಮಾರು 98 ಸಾವಿರ ಜನ ತೀರಿಕೊಂಡರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ಅಂದಾಜು. ಕಾಯಿಲೆ ಪತ್ತೆಯಾಗಿ ಐದು ವರ್ಷದ ನಂತರವೂ ಬದುಕಿರುವವರು ಅಮೆರಿಕದಲ್ಲಿ ನೂರಕ್ಕೆ ಸುಮಾರು 90, ನಮ್ಮಲ್ಲಿ ಸುಮಾರು 66. ತಡವಾಗಿ ಬರುವುದು ಇದಕ್ಕೆ ಒಂದು ಕಾರಣ. ಶುರುವಾದ ಚಿಕಿತ್ಸೆ ಅರ್ಧಕ್ಕೇ ನಿಲ್ಲುವುದು ಇನ್ನೊಂದು.

ಯಾಕೆ ನಿಲ್ಲುತ್ತೆ? ದುಡ್ಡು, ದೂರ, ಮನೆ ನೋಡಿಕೊಳ್ಳಲು ಯಾರೂ ಇಲ್ಲದಿರುವುದು. ಜೊತೆಗೆ ಭಯ. ಮೊದಲ ಕೀಮೋದಲ್ಲಿ ವಾಂತಿ, ಸುಸ್ತು, ಬಾಯಿ ಹುಣ್ಣು ನೋಡಿದ ಮನೆಯವರು ‘ಈ ಔಷಧಿಯೇ ಇವಳನ್ನು ಕೊಲ್ಲುತ್ತೆ’ ಎಂದು ನಾಟಿ ಔಷಧಿಯ ಕಡೆ ತಿರುಗುತ್ತಾರೆ. ಆಪರೇಷನ್ ಮುಗಿದ ಮೇಲೆ ಗಡ್ಡೆ ಹೋಯ್ತಲ್ಲ, ಇನ್ನು ಕರೆಂಟ್ ಯಾಕೆ ಎಂದು ರೇಡಿಯೇಷನ್ ಬಿಡುವವರಿದ್ದಾರೆ. ಹಾರ್ಮೋನಿಗೆ ಸಂಬಂಧಿಸಿದ ಕ್ಯಾನ್ಸರ್ ಆದರೆ ಐದರಿಂದ ಹತ್ತು ವರ್ಷ ದಿನಾ ಮಾತ್ರೆ ನುಂಗಬೇಕು. ಮೈಯಲ್ಲಿ ಏನೂ ತೊಂದರೆ ಇಲ್ಲದಾಗ ಅಷ್ಟು ವರ್ಷ ಮಾತ್ರೆ ತೆಗೆದುಕೊಳ್ಳುವುದು ಸುಲಭವಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಎಲ್ಲ ದೇಶಗಳ ಮುಂದೆ ಮೂರು ಗುರಿ ಇಟ್ಟಿತು. ನೂರಕ್ಕೆ 60 ಜನರಿಗಾದರೂ ಮೊದಲ ಎರಡು ಹಂತದಲ್ಲೇ ಪತ್ತೆಯಾಗಬೇಕು. ಆಸ್ಪತ್ರೆಗೆ ಬಂದ 60 ದಿನದೊಳಗೆ ರೋಗ ಏನೆಂದು ಖಚಿತವಾಗಬೇಕು. ನೂರಕ್ಕೆ 80 ಜನ ಚಿಕಿತ್ಸೆ ಪೂರ್ತಿ ಮುಗಿಸಬೇಕು. ಮೂರನೆಯ ಗುರಿ ಮುಟ್ಟಲು ಮೆಷಿನ್ನು, ಔಷಧಿ ಎರಡೇ ಸಾಲವು.

ಇದಕ್ಕೆ ಒಂದು ಒಳ್ಳೆಯ ಉದಾಹರಣೆ ನ್ಯೂಯಾರ್ಕ್‌ನ ಹಾರ್ಲೆಮ್. ಅಲ್ಲಿನ ಬಡ ಕಪ್ಪು ಹೆಂಗಸರು ಬಹಳ ತಡವಾಗಿ ಬರುತ್ತಿದ್ದರು. 1990ರಲ್ಲಿ ಡಾ. ಹೆರಾಲ್ಡ್ ಫ್ರೀಮನ್ ಆಸ್ಪತ್ರೆಯಲ್ಲಿ ದಾರಿ ತೋರಿಸುವವರನ್ನು ನೇಮಿಸಿದರು. ಚೀಟಿ ಮಾಡಿಸುವುದರಿಂದ ಹಿಡಿದು ಮುಂದಿನ ತಾರೀಖು ನೆನಪಿಸುವವರೆಗೆ ಅವರೇ ಜೊತೆಗಿದ್ದರು. ಜೊತೆಗೆ ಅಗ್ಗದಲ್ಲಿ ತಪಾಸಣೆಯೂ ಸಿಕ್ಕಿತು. ಐದು ವರ್ಷ ಬದುಕುವವರು ನೂರಕ್ಕೆ 39 ಇದ್ದದ್ದು 70ಕ್ಕೆ ಏರಿತು. ಟಾಟಾ ಮೆಮೋರಿಯಲ್ ಕೂಡ ಇಂಥವರನ್ನು ತರಬೇತುಗೊಳಿಸುತ್ತಿದೆ. ಅವರಿಗೆ ‘ಕೇವಟ್’ ಎಂದು ಹೆಸರಿಟ್ಟಿದೆ, ರಾಮನನ್ನು ಗಂಗೆ ದಾಟಿಸಿದ ಅಂಬಿಗನ ಹೆಸರು. ಇವರು ಸಂಬಳದ ಕೆಲಸಗಾರರು, ಸ್ವತಃ ರೋಗಿಗಳಾಗಿರಬೇಕು ಅಂತಿಲ್ಲ. ಜೊತೆಗಾತಿ ಮಾಡುವ ಕೆಲಸ ಇದರ ಪಕ್ಕದ್ದು. ಕೇವಟ್ ದಾರಿ ತೋರಿಸುತ್ತಾನೆ. ಜೊತೆಗಾತಿ ಆ ದಾರಿಯಲ್ಲಿ ತಾನು ನಡೆದಿದ್ದೇನೆ ಅನ್ನುತ್ತಾಳೆ.

ಅದೇ ಮಾತು ವಿಷವಾಗುವುದು ಎಲ್ಲಿ

ಈಗ ಡಾಕ್ಟರುಗಳ ಆತಂಕಕ್ಕೆ ಬರೋಣ. ಅದು ಸುಳ್ಳು ಆತಂಕ ಅಲ್ಲ.

ಮೂತ್ರ ಕೆಂಪಾದಾಗ ‘ನನಗೂ ಹಾಗೇ ಆಗಿತ್ತು’ ಎಂಬುದು ಅಮೃತ. ಕೀಮೋ ಆಗಿ ಹತ್ತು ದಿನಕ್ಕೆ ಜ್ವರ ಬಂದಾಗ ಅದೇ ಮಾತು ಪ್ರಾಣ ತೆಗೆಯಬಹುದು. ಆ ಸಮಯದಲ್ಲಿ ರಕ್ತದ ಬಿಳಿ ಕಣಗಳು ಕುಸಿದಿರುತ್ತವೆ. ಸಣ್ಣ ಸೋಂಕೂ ಕೆಲವೇ ಗಂಟೆಗಳಲ್ಲಿ ಮೈಯೆಲ್ಲ ಹರಡುತ್ತದೆ. 100.4 ಡಿಗ್ರಿ ಮುಟ್ಟಿದರೆ ಅದು ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೋಗಲೇಬೇಕು. ‘ಎಲ್ಲರಿಗೂ ಬರುತ್ತೆ, ಒಂದು ಮಾತ್ರೆ ನುಂಗಿ ಮಲಗು’ ಎಂದ ಗೆಳತಿಯ ಮನಸ್ಸು ಒಳ್ಳೆಯದೇ. ಅವಳಿಗೆ ಬಂದ ಜ್ವರ ಬೇರೆ, ಇವಳಿಗೆ ಬಂದದ್ದು ಬೇರೆ.

ಸ್ತನ ಕ್ಯಾನ್ಸರ್ ಒಂದೇ ಕಾಯಿಲೆ ಅಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಹಾರ್ಮೋನಿಗೆ ಸ್ಪಂದಿಸುವುದು ಒಂದು ಬಗೆ. ಹರ್‌-2 ಎಂಬ ಪ್ರೋಟೀನ್ ಜಾಸ್ತಿ ಇರುವುದು ಇನ್ನೊಂದು. ಈ ಯಾವುದೂ ಇಲ್ಲದ ಟ್ರಿಪಲ್ ನೆಗೆಟಿವ್ ಮತ್ತೊಂದು, ಅದು ಪಾಶ್ಚಾತ್ಯ ದೇಶಗಳಿಗಿಂತ ನಮ್ಮಲ್ಲಿ ಜಾಸ್ತಿ. ಒಬ್ಬಳಿಗೆ ಬರೀ ಮಾತ್ರೆ ಸಾಕಾಗಬಹುದು, ಪಕ್ಕದ ಮಂಚದವಳಿಗೆ ಕೀಮೋ ಬೇಕೇ ಬೇಕು. ‘ನನಗೆ ಕೀಮೋ ಕೊಡಲೇ ಇಲ್ಲ, ನಿನಗ್ಯಾಕೆ ಕೊಡ್ತಾರೆ?’ ಎಂಬ ಪ್ರಶ್ನೆ ಸಾಕು, ಡಾಕ್ಟರ ಮೇಲಿನ ನಂಬಿಕೆ ಕುಸಿಯಲು.

‘ಪೂರ್ತಿ ತೆಗೆಸಿಬಿಡು, ತಲೆನೋವು ಇರಲ್ಲ’ ಎಂಬುದು ವಾರ್ಡಿನಲ್ಲಿ ಕೇಳಿಬರುವ ಇನ್ನೊಂದು ಸಲಹೆ. ಗಡ್ಡೆಯಷ್ಟನ್ನೇ ತೆಗೆದು ರೇಡಿಯೇಷನ್ ಕೊಟ್ಟರೂ ಬದುಕುವ ಅವಧಿ ಅಷ್ಟೇ ಇರುತ್ತದೆ ಎಂಬುದು, ತಕ್ಕ ರೋಗಿಗಳಲ್ಲಿ, 20 ವರ್ಷ ಹಿಂಬಾಲಿಸಿ ನೋಡಿದ ಅಮೆರಿಕ ಮತ್ತು ಇಟಲಿಯ ಅಧ್ಯಯನಗಳಿಂದ 2002ರಲ್ಲೇ ಖಚಿತವಾಗಿದೆ. ರೇಡಿಯೇಷನ್ನಿಗೆ ದಿನಾ ಬರಲು ಆಗದವರು ಪೂರ್ತಿ ತೆಗೆಸಿಕೊಳ್ಳುವುದಕ್ಕೆ ಕಾರಣ ಇದೆ. ಗೆಳತಿಯ ಭಯಕ್ಕೆ ತೆಗೆಸಿಕೊಳ್ಳಬಾರದು.

ಹಳೆಯದಾದ ಬುದ್ಧಿಮಾತುಗಳೂ ಕೈಯಿಂದ ಕೈಗೆ ದಾಟುತ್ತವೆ. ‘ಆ ಕೈಯಲ್ಲಿ ಒಂದು ಕೊಡ ನೀರೂ ಎತ್ತಬೇಡ, ಕೈ ಊದುತ್ತೆ’ ಎಂದು ಒಂದು ಕಾಲದಲ್ಲಿ ಡಾಕ್ಟರುಗಳೇ ಹೇಳುತ್ತಿದ್ದರು. ಕಂಕುಳಿನ ಗ್ರಂಥಿ ತೆಗೆದವರಿಗೆ ಕೈ ಊತ ಬರುವುದು ನಿಜ. ಆದರೆ 2009ರಲ್ಲಿ ಕೈ ಊತ ಇದ್ದ 141 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ, ಹೇಳಿಕೊಟ್ಟ ಹಾಗೆ ನಿಧಾನವಾಗಿ ಭಾರ ಎತ್ತಿದವರಿಗೆ ಊತ ಹೆಚ್ಚಾಗಲಿಲ್ಲ. ಡಾಕ್ಟರುಗಳು ಮಾತು ಬದಲಿಸಿದರು. ಆ ಬದಲಾವಣೆ ಹತ್ತು ವರ್ಷದ ಹಿಂದೆ ಚಿಕಿತ್ಸೆ ಮುಗಿಸಿದ ಹೆಂಗಸಿಗೆ ತಲುಪಿರುವುದಿಲ್ಲ. ಅವಳು ತನಗೆ ಹೇಳಿದ್ದನ್ನೇ ಹೇಳುತ್ತಾಳೆ. ಕೇಳಿದವಳು ಕೈ ಮಡಚಿಕೊಂಡೇ ಕೂತು ಭುಜ ಗಟ್ಟಿಯಾಗುತ್ತದೆ.

ಸಿಧು ಪ್ರಕರಣವನ್ನು ಈ ಬೆಳಕಿನಲ್ಲಿ ನೋಡಬೇಕು. ಕಾಯಿಲೆ ಗೆದ್ದ ಮನೆಯವರ ಸಂತೋಷ ನಿಜ. ಏನು ತಿಂದೆವು ಅಂತ ಹೇಳುವುದೂ ತಪ್ಪಲ್ಲ. ಆದರೆ ಆಪರೇಷನ್, ಕೀಮೋ ಹಿಂದಕ್ಕೆ ಸರಿದು ಬೇವು, ಅರಿಶಿನ ಮುಂದೆ ಬಂದಾಗ, ಕೇಳಿದವರು ಎರಡನೆಯದನ್ನು ಹಿಡಿದು ಮೊದಲನೆಯದನ್ನು ಬಿಡುತ್ತಾರೆ. ತಜ್ಞರು ಅಷ್ಟು ಜನ ಸೇರಿ ಸಹಿ ಹಾಕಿದ್ದು ಅದಕ್ಕೇ.

ಎಲ್ಲರಿಗೂ ಗುಂಪು ಬೇಕಾ?

ಜೊತೆಗಾತಿಯರ ಪರ ಇರುವವರು ಒಪ್ಪಲು ಹಿಂದೆಮುಂದೆ ನೋಡುವ ಒಂದು ಅಧ್ಯಯನ ಇದೆ. ಅಮೆರಿಕದ ವಿಕಿ ಹೆಲ್ಗೆಸನ್ ಮತ್ತು ಸಂಗಡಿಗರು ಆರಂಭದ ಹಂತದ 312 ಹೆಂಗಸರನ್ನು ನೋಡಿದರು. ಕೆಲವರಿಗೆ ತಿಳಿವಳಿಕೆ ಕೊಡುವ ತರಗತಿ, ಕೆಲವರಿಗೆ ಬರೀ ಪರಸ್ಪರ ಮಾತುಕತೆ. 1999ರಲ್ಲಿ ಬಂದ ಫಲಿತಾಂಶದಲ್ಲಿ ತಿಳಿವಳಿಕೆಯ ತರಗತಿಗೇ ಮೇಲುಗೈ. ಮುಂದಿನ ವರ್ಷದ ವರದಿ ಇನ್ನೂ ಸೂಕ್ಷ್ಮ. ಗಂಡನಿಂದಲೋ ಡಾಕ್ಟರಿಂದಲೋ ಆಸರೆ ಸಿಗದವರಿಗೆ ಮಾತುಕತೆಯ ಗುಂಪು ಒಳ್ಳೆಯದು ಮಾಡಿತ್ತು. ಮನೆಯಲ್ಲೇ ಚೆನ್ನಾಗಿ ಆಸರೆ ಇದ್ದವರಿಗೆ ಅದೇ ಗುಂಪು ತೊಂದರೆ ಮಾಡಿತ್ತು.

ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ ಅಲ್ಲ. ನೆಮ್ಮದಿಯಾಗಿದ್ದವಳು ಬೇರೆಯವರ ಕಷ್ಟವನ್ನೆಲ್ಲ ಕೇಳಿ ಮನೆಗೆ ಬಂದರೆ ಹೊಸ ಭಯಗಳನ್ನೂ ತರುತ್ತಾಳೆ. ಒಂದನೇ ಹಂತದವಳ ಪಕ್ಕ ನಾಲ್ಕನೇ ಹಂತದವಳು ಕೂತಾಗ ಇಬ್ಬರಿಗೂ ಕಷ್ಟ. ಹಾಗಾಗಿ ಯಾರಿಗೆ ಯಾರು ಜೊತೆ ಎಂಬುದನ್ನು ನೋಡಿ ಹೊಂದಿಸಬೇಕು. ವಯಸ್ಸು, ಆಪರೇಷನ್ನಿನ ಬಗೆ, ಕಾಯಿಲೆಯ ಹಂತ, ಆಡುವ ಭಾಷೆ. ಕಲಬುರಗಿಯ ಕೂಲಿ ಹೆಂಗಸಿಗೆ ಬೆಂಗಳೂರಿನ ಐಟಿ ಕಂಪನಿಯ ಹೆಂಗಸು ಎಷ್ಟೇ ಪ್ರೀತಿಯಿಂದ ಮಾತಾಡಿದರೂ ಸೌದೆ ಒಲೆ, ಹೊಲದ ಕೆಲಸ, ಅತ್ತೆ ಇರುವ ಮನೆಯ ವಿಷಯ ಬಂದಾಗ ಮಾತು ನಿಂತುಹೋಗುತ್ತದೆ.

ಜೊತೆಗಾತಿಯ ಮೇಲೆ ಬೀಳುವ ಭಾರವನ್ನೂ ಮರೆಯಬಾರದು. ಅವಳು ಕೈ ಹಿಡಿದವರಲ್ಲಿ ಕೆಲವರು ತೀರಿಕೊಳ್ಳುತ್ತಾರೆ. ಪ್ರತಿ ಸಲವೂ ತನ್ನ ಮುಂದಿನ ಸ್ಕ್ಯಾನ್ ನೆನಪಾಗುತ್ತದೆ. ಚಿಕಿತ್ಸೆ ಮುಗಿದು ಒಂದು ವರ್ಷವಾದರೂ ಆಗಿರಬೇಕು ಎಂದು ಇಂಥ ಸಂಘಟನೆಗಳು ಸಾಮಾನ್ಯವಾಗಿ ಕೇಳುವುದು ಇದಕ್ಕೇ. ಅವಳ ಮಾತನ್ನೂ ಕೇಳಲು ಒಬ್ಬರು ಕೌನ್ಸೆಲರ್ ಇರಬೇಕು.

ಕೀಮೋ ಜಿಲ್ಲೆಗೆ ಬಂದರೆ

ಡೇ ಕೇರ್ ಕೇಂದ್ರಗಳಿಂದ ಆಗುವ ಉಪಕಾರ ದೊಡ್ಡದು. ಮೂರು ವಾರಕ್ಕೊಮ್ಮೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದು, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ಕೊಟ್ಟು, ರಿಪೋರ್ಟಿಗೆ ಕಾದು, ಕೀಮೋ ಮುಗಿಸಿ, ವಾಂತಿ ಮಾಡಿಕೊಳ್ಳುತ್ತಾ ಊರಿಗೆ ಮರಳುವ ಕಷ್ಟ ತಪ್ಪುತ್ತದೆ. ಅರ್ಧಕ್ಕೆ ಬಿಡುವವರು ಕಡಿಮೆಯಾಗಬಹುದು.

ಆದರೆ ಇದರ ಜೊತೆಗೆ ಕಾಣದ ಎರಡು ಬದಲಾವಣೆ ಆಗುತ್ತವೆ. ದೊಡ್ಡ ಆಸ್ಪತ್ರೆಯಲ್ಲಿ ಯಾರೂ ಏರ್ಪಾಡು ಮಾಡದೆಯೇ ಜೊತೆಗಾತಿಯರು ಸಿಗುತ್ತಿದ್ದರು. ಧರ್ಮಶಾಲೆಯಲ್ಲಿ ಪಕ್ಕದ ಚಾಪೆಯವಳು, ರೇಡಿಯೇಷನ್ ಸಾಲಿನಲ್ಲಿ ವಾರಗಟ್ಟಲೆ ದಿನಾ ಸಿಗುವವಳು. ಜಿಲ್ಲಾ ಕೇಂದ್ರದಲ್ಲಿ ಒಂದು ದಿನಕ್ಕೆ ಬರುವವರು ಕೆಲವೇ ಜನ. ಬೆಳಿಗ್ಗೆ ಬಂದು ಸಂಜೆ ಹೊರಟುಹೋಗುತ್ತಾರೆ. ತನ್ನ ವಯಸ್ಸಿನ, ತನ್ನ ಬಗೆಯ ಕಾಯಿಲೆಯ ಇನ್ನೊಬ್ಬಳು ಅದೇ ದಿನ ಸಿಗುವ ಸಂಭವ ಕಡಿಮೆ.

ಎರಡನೆಯದು ಗುಟ್ಟಿನ ಪ್ರಶ್ನೆ. ಬೆಂಗಳೂರಿನಲ್ಲಿ ಯಾರಿಗೂ ಯಾರ ಪರಿಚಯವೂ ಇಲ್ಲ. ಹಾಗಾಗಿಯೇ ಮನಸ್ಸು ಬಿಚ್ಚಿ ಮಾತಾಡಲು ಆಗುತ್ತಿತ್ತು. ಜಿಲ್ಲಾ ಆಸ್ಪತ್ರೆಯಲ್ಲಿ ಎದುರಿಗೆ ಬರುವ ಅಟೆಂಡರ್ ಪಕ್ಕದೂರಿನವನು, ಚೀಟಿ ಬರೆಯುವವಳು ನಾದಿನಿಯ ಗೆಳತಿ. ಮಗಳ ಮದುವೆಗೆ ತೊಂದರೆಯಾಗುತ್ತೆ ಅಂತ ಕಾಯಿಲೆಯನ್ನೇ ಮುಚ್ಚಿಡುವ ಮನೆಗಳಿವೆ. ವಂಶದಿಂದ ಬರುವ ಸ್ತನ ಕ್ಯಾನ್ಸರ್ ನೂರಕ್ಕೆ ಐದರಿಂದ ಹತ್ತು ಮಾತ್ರ ಎಂದು ಎಷ್ಟು ಹೇಳಿದರೂ ಆ ಭಯ ಬೇಗ ಹೋಗುವುದಿಲ್ಲ. ಆಶಾ ಕಾರ್ಯಕರ್ತೆಯರ ಮೂಲಕ ಊರಲ್ಲೇ ಜೊತೆಗಾತಿ ಹುಡುಕಿ ಕೊಡೋಣ ಎಂಬ ಸಲಹೆ ಕೇಳಲು ಚೆನ್ನಾಗಿದೆ. ಆದರೆ ಅದೇ ಊರಿನವಳು ಬೇಡ ಅನ್ನುವ ಹಕ್ಕು ರೋಗಿಗೆ ಇರಬೇಕು. ಪಕ್ಕದ ತಾಲ್ಲೂಕಿನವಳು ಆದರೆ ವಾಸಿ.

ಆಗಬಹುದಾದ ಕೆಲಸ

ವಾದ ಮಾಡುವವರು ಮೂರು ಕಡೆ ನಿಂತಿದ್ದಾರೆ. ತಪ್ಪು ಮಾಹಿತಿ ಹರಡುತ್ತೆ, ಇದು ತರಬೇತಿ ಪಡೆದ ಕೌನ್ಸೆಲರ್‌ಗಳ ಕೆಲಸ ಎನ್ನುವವರು. ಅನುಭವಿಸಿದವರಿಗೆ ಮಾತ್ರ ಗೊತ್ತು, ನಮಗೆ ನಿಯಮ ಹೇರಬೇಡಿ ಎನ್ನುವ ರೋಗಿಗಳ ಬಳಗಗಳು. ಇದ್ದ ನರ್ಸ್‌ಗಳಿಗೇ ಪುರುಸೊತ್ತಿಲ್ಲ, ಇದನ್ನು ಯಾರು ನೋಡಿಕೊಳ್ಳುತ್ತಾರೆ ಎನ್ನುವ ಆಸ್ಪತ್ರೆ ಆಡಳಿತ. ಮೂವರ ಮಾತಿನಲ್ಲೂ ಹುರುಳಿದೆ. ಆದರೆ ಮೊದಲನೆಯವರು ಒಂದು ವಿಷಯ ಮರೆಯುತ್ತಾರೆ. ಹೆಂಗಸರು ಹೇಗಿದ್ದರೂ ಪರಸ್ಪರ ಮಾತಾಡುತ್ತಾರೆ. ಅದನ್ನು ತಡೆಯಲು ಆಗುವುದಿಲ್ಲ, ತಡೆಯಲೂಬಾರದು. ಆಯ್ಕೆ ಇರುವುದು ಆ ಮಾತಿಗೆ ತಿಳಿವಳಿಕೆ ಸೇರಿಸುತ್ತೇವೋ, ಅಥವಾ ಅದನ್ನು ಅದರ ಪಾಡಿಗೆ ಬಿಡುತ್ತೇವೋ ಎಂಬುದರಲ್ಲಿ.

ತಿಳಿವಳಿಕೆ ಸೇರಿಸಲು ಕೋಟಿ ಬೇಕಾಗಿಲ್ಲ. ಜೊತೆಗಾತಿಗೆ ಕೆಲವು ದಿನಗಳ ತರಬೇತಿ ಕೊಡಬೇಕು. ವರ್ಷಕ್ಕೊಮ್ಮೆ ಮತ್ತೆ ಕೂರಿಸಿ, ಕೈ ಊತದಂಥ ವಿಷಯದಲ್ಲಿ ಏನು ಬದಲಾಗಿದೆ ಎಂದು ಹೇಳಬೇಕು. ಯಾವ ಪ್ರಶ್ನೆಗೆ ತಾನೇ ಉತ್ತರಿಸಬಹುದು, ಯಾವುದನ್ನು ಡಾಕ್ಟರಿಗೆ ದಾಟಿಸಬೇಕು ಎಂಬ ಗೆರೆ ಅವಳಿಗೆ ಸ್ಪಷ್ಟವಾಗಿರಬೇಕು. ಸೀರೆ, ಚೀಲ, ದಿಂಬು, ಕೂದಲು, ಭಯ, ಗಂಡನ ಜೊತೆ ಮಾತಾಡುವುದು ಅವಳ ಪಾಲು. ಔಷಧಿ, ಆಪರೇಷನ್ನಿನ ಬಗೆ, ಜ್ವರ, ಹೊಸ ಗಂಟು ಡಾಕ್ಟರ ಪಾಲು. ಔಷಧಿ ಕಂಪನಿಯ ದುಡ್ಡಿನಿಂದ ನಡೆಯುವ ಬಳಗವಾದರೆ ಅದನ್ನು ಮೊದಲೇ ಹೇಳಬೇಕು.

ಕರ್ನಾಟಕದಲ್ಲಿ ಇದಕ್ಕೆ ನೆಲ ಹದವಾಗಿದೆ. 2000ದ ಇಸವಿಯಿಂದ ಸ್ತ್ರೀಶಕ್ತಿ ಸಂಘಗಳು ನಡೆಯುತ್ತಿವೆ. ವಾರಕ್ಕೊಮ್ಮೆ ಸುತ್ತ ಕೂತು ಲೆಕ್ಕ ಹೇಳುವುದು, ಒಬ್ಬಳ ಕಷ್ಟಕ್ಕೆ ಇನ್ನೊಬ್ಬಳು ನಿಲ್ಲುವುದು ನಮ್ಮ ಹಳ್ಳಿಯ ಹೆಂಗಸರಿಗೆ ಹೊಸದಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಅಂದರೆ ಚಿಕಿತ್ಸೆ ಮುಗಿಸಿದವಳು ವಾರಕ್ಕೊಂದು ದಿನ ಜಿಲ್ಲಾ ಆಸ್ಪತ್ರೆಗೆ ಬಂದು ಹೋಗುವ ಬಸ್ ಖರ್ಚು ಆಗಲೇ ಸರ್ಕಾರದ ಲೆಕ್ಕದಲ್ಲಿದೆ. ಉಳಿದದ್ದು ಕೀಮೋ ರೂಮಿನಲ್ಲಿ ಅವಳಿಗೊಂದು ಕುರ್ಚಿ, ಗುರುತಿನ ಚೀಟಿ, ಮಧ್ಯಾಹ್ನದ ಊಟ, ಸಂದೇಹ ಬಂದರೆ ಫೋನ್ ಮಾಡಲು ಒಬ್ಬ ನರ್ಸ್‌ನ ನಂಬರ್.

ಬಜೆಟ್ ಭಾಷಣದಲ್ಲಿ ಡೇ ಕೇರ್ ಕೇಂದ್ರಗಳಿಗೆ ಸಿಕ್ಕಿದ್ದು ಎರಡೇ ವಾಕ್ಯ. ಎಷ್ಟು ಹಾಸಿಗೆ, ಎಷ್ಟು ನರ್ಸ್, ಯಾವ ಔಷಧಿ ಎಂಬುದು ಆಮೇಲೆ ಜಿಲ್ಲೆ ಜಿಲ್ಲೆಗಳಲ್ಲಿ ತೀರ್ಮಾನವಾಗುವ ವಿಷಯ. ಆ ಕುರ್ಚಿಯ ಮಾತು ಎತ್ತಬೇಕಾದದ್ದು ಈಗ, ರೂಮಿನ ಅಳತೆ ತೆಗೆಯುತ್ತಿರುವಾಗಲೇ.